ಅವ್ವನ ತವರಿನ ಹೆಸರು

ತಮ್ಮನ ಹೆಂಡತಿ ಹೆಣ್ಣು ಹಡೆದ ಸುದ್ದಿ ಕಬ್ಬೂರಿಗೆ ಬಂದಾಗ ತಾರವ್ವ ಎಮ್ಮೆ ಹಿಂಡುತ್ತ ಕೂತಿದ್ದಳು. ಬೇಡಕಿಹಾಳದಿಂದ ಸುದ್ದಿ ತಂದವನು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಬಾಯಿ ಒರೆಸಿಕೊಂಡು, "ಈ ಸಲ ಹೆಣ್ಣರಿ" ಎಂದು ದನಿ ತಗ್ಗಿಸಿ ಹೇಳಿದ. ಎರಡು ಗಂಡಾದ ಮೇಲೆ ಒಂದು ಹೆಣ್ಣು ಬಂದರೆ ದನಿ ಯಾಕೆ ತಗ್ಗಬೇಕೋ ಆ ದೇವರಿಗೇ ಗೊತ್ತು. ತಾರವ್ವ ಮಾತ್ರ ತಂಬಿಗೆ ಅಲ್ಲೇ ಬಿಟ್ಟು ಎದ್ದು ನಿಂತಳು. "ನನಗ ಬೇಕಾದ್ದ ಬಂತು ನೋಡು!" ಎಂದಳು. ಎಮ್ಮೆ ತಂಬಿಗೆಯನ್ನು ಒದ್ದು ಉರುಳಿಸಿತು. ಗಂಡ ಅಪ್ಪಾಸಾಬ ಬೈದ. ಅವಳಿಗೆ ಎರಡೂ ತಾಗಲಿಲ್ಲ.

ಈ ಸೀಮೆಯಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಹಡೆದವಳದಲ್ಲ, ಹುಟ್ಟಿಸಿದವನದಲ್ಲ, ಸೋದರತ್ತೆಯದು. ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಊದಿ ಹೆಸರು ಹೇಳುವವಳು ಅವಳು. ಅವಳು ಬಾಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಗುದ್ದುತ್ತೀರಿ ಎಂದರೆ ಒಬ್ಬರೂ ಕಾರಣ ಹೇಳಲಾರರು, ಆದರೆ ಗುದ್ದುವುದನ್ನು ಒಬ್ಬರೂ ಬಿಡಲಾರರು. ಹೊಲದಲ್ಲಿ ಪಾಲಿಲ್ಲ, ಮನೆಯಲ್ಲಿ ಪಾಲಿಲ್ಲ; ಕೊಟ್ಟ ಹೆಣ್ಣಿಗೆ ತವರಿನಲ್ಲಿ ಉಳಿಯುವ ಹಕ್ಕೆಂದರೆ ಇದೊಂದೇ. ಅದೂ ಬೆನ್ನು ಮುರಿಸಿಕೊಂಡು ಪಡೆಯಬೇಕು.

ಮೊದಲ ಇಬ್ಬರು ಅಳಿಯಂದಿರಿಗೆ ಹೆಸರಿಡುವಾಗ ತಾರವ್ವ ತಕರಾರು ಮಾಡಿರಲಿಲ್ಲ. ತಮ್ಮ ಭಾವುಸಾಹೇಬ ಹೇಳಿದ ಹೆಸರನ್ನೇ ಊದಿ, ಗುದ್ದು ತಿಂದು, ಸೀರೆ ಉಡಿಸಿಕೊಂಡು ಬಂದಿದ್ದಳು. ಗಂಡು ಹುಡುಗರ ಹೆಸರಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ. ಅವಳ ಹತ್ತಿರ ಇಡಬೇಕಾದ ಹೆಸರೊಂದಿತ್ತು, ಅದು ಹೆಣ್ಣಿನದು. ತೊಡಕೆಂದರೆ ಆ ಹೆಸರು ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ.

ಅದು ಅವಳ ಅವ್ವನ ಹೆಸರು. ಮತದಾರರ ಪಟ್ಟಿಯಲ್ಲಿ ಅವ್ವ ರುಕ್ಮಿಣಿ. ಆದರೆ ರುಕ್ಮಿಣಿ ಎಂಬುದು ಮದುವೆಯ ದಿನ ಅತ್ತೆಮನೆಯವರು ಇಟ್ಟದ್ದು. ಗಡಿಯ ಈಚೆ ಆಚೆ ಎಷ್ಟೋ ಮನೆಗಳಲ್ಲಿ ಹಾಗೊಂದು ರೂಢಿ ಇತ್ತು: ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆದು, ಬಂದ ಸೊಸೆಯ ಹಳೆಯ ಹೆಸರನ್ನು ಹೊಸ್ತಿಲ ಹೊರಗೇ ಬಿಡಿಸುವುದು. ಹಾಗೆ ಇಟ್ಟ ಹೆಸರನ್ನಾದರೂ ಯಾರು ಕರೆದರು? ಗಂಡ "ಏ, ಕೇಳಿಲ್ಲಿ" ಎನ್ನುತ್ತಿದ್ದ. ಮಕ್ಕಳು ಅವ್ವಾ ಎಂದರು, ಓಣಿಯವರು ಭಾವೂನವ್ವ ಎಂದರು. ಹೀಗೆ ಒಂದು ಹೆಸರು ಕಳಕೊಂಡು, ಇನ್ನೊಂದನ್ನು ಬಳಸದೆ, ಅವ್ವ ಅರವತ್ತು ದಾಟಿದ್ದಳು.

ತಾರವ್ವನಿಗೆ ಈ ಸಂಗತಿ ಮನಸ್ಸಿಗೆ ನಾಟಿದ್ದು ಅವಳದೇ ಮದುವೆಯಲ್ಲಿ. ಕಬ್ಬೂರಿನ ಬೀಗರು ತಾಟು, ಅಕ್ಕಿ, ಉಂಗುರ ಎಲ್ಲ ಸಜ್ಜು ಮಾಡಿ 'ಇಂದಿರಾ' ಎಂದು ಬರೆಯಲು ಕೂತಿದ್ದರು. ಗಂಡಸರಿದ್ದ ಪಡಸಾಲೆಗೆ ಎಂದೂ ಕಾಲಿಡದ ಅವ್ವ ಸೆರಗು ಬಿಗಿದುಕೊಂಡು ನೆಟ್ಟಗೆ ಬಂದು, ಅಕ್ಕಿಯ ಮೇಲೆ ಅಂಗೈ ಊರಿದಳು. "ಈ ಹುಡುಗಿ ಹೆಸರು ತಾರಾ. ತಾರಾನ ಇರಲಿ. ಇಲ್ಲಾಂದ್ರ ತಾಟ ಬೋರಲ ಹಾಕ್ತೀನಿ" ಎಂದಳು. ಬೀಗರು ಬೆಪ್ಪಾದರು. ಅಪ್ಪ ನಾಚಿಕೆಯಿಂದ ಮೇಲಿನ ಜಂತಿ ನೋಡಿದ. ತಾರಾ ತಾರಾ ಆಗಿಯೇ ಉಳಿದಳು. ತನ್ನ ಹೆಸರು ಉಳಿಸಿದವಳ ಹೆಸರೇನೆಂದು ತನಗೆ ತಿಳಿಯದಲ್ಲ ಎಂಬ ಸಂಕಟ ಅವಳಿಗೆ ಅಂದು ಹತ್ತಿದ್ದು, ತೊಂಬತ್ತೊಂದನೆಯ ಇಸವಿ ಬಂದರೂ ಬಿಟ್ಟಿರಲಿಲ್ಲ.

ಕೂಸು ನೋಡಲು ಬೇಡಕಿಹಾಳಕ್ಕೆ ಹೋದಾಗ ಮೊದಲು ಸಿಕ್ಕವಳು ಬಾಣಂತಿ ಸುರೇಖಾ. ನಿಪ್ಪಾಣಿಯ ಹುಡುಗಿ, ಹತ್ತನೆಯವರೆಗೆ ಓದಿದವಳು, ನಗುಮುಖದವಳು. "ಅಕ್ಕಾ, ಈ ಸಲ ನಂದೊಂದು ಆಸೆ ಐತ್ರಿ. ಸೋನಾಲಿ ಅಂತ ಇಡ್ರಿ" ಎಂದಳು. ಬಸಿರಾದ ಮೂರನೆಯ ತಿಂಗಳಿಗೇ ಆರಿಸಿಟ್ಟಿದ್ದಳಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ತಾರವ್ವ ಕೂಸಿನ ಕಾಲು ಸವರುತ್ತ, "ನೋಡೋಣವ್ವ" ಎಂದಳು. ಈ ನೋಡೋಣ ಎಂಬ ಮಾತನ್ನು ಯಾವ ನಾದಿನಿ ಯಾವ ಅರ್ಥದಲ್ಲಿ ಆಡುತ್ತಾಳೆಂದು ಸುರೇಖಾಳಿಗೆ ಗೊತ್ತಿತ್ತು. ಅವಳ ನಗು ಸ್ವಲ್ಪ ಕಡಿಮೆಯಾಯಿತು.

ಅವ್ವ ಹಿತ್ತಲಲ್ಲಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ತಾರವ್ವ ಪಕ್ಕದಲ್ಲಿ ಕೂತು ಕೇಳಿದಳು: "ಅವ್ವಾ, ತವರಾಗ ನಿನಗ ಏನಂತ ಕರೀತಿದ್ರು?"

"ಈಗ್ಯಾಕ ಬಂತು ಆ ಮಾತು?"

"ಹೇಳ ಬೇ."

"ಸತ್ತವರ ಸುದ್ದಿ ಬಾಣಂತಿ ಮನ್ಯಾಗ ತಗೀಬಾರದು" ಎಂದು ಅವ್ವ ಬಟ್ಟೆಯನ್ನು ಜೋರಾಗಿ ಝಾಡಿಸಿದಳು. ನೀರು ಮಗಳ ಮುಖಕ್ಕೆ ಸಿಡಿಯಿತು. "ಆ ಹೆಸರು ನಾ ಹೊಸ್ತಿಲಾ ದಾಟಿದ ದಿನಾನ ಸತ್ತೈತಿ. ಎತ್ತಬ್ಯಾಡ."

ಇನ್ನೂ ನಾಲ್ಕು ಬಗೆಯಲ್ಲಿ ಕೇಳಿದಳು. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಆದರೆ ತಾರವ್ವ ಇದೇ ಅವ್ವನ ಮಗಳಲ್ಲವೇ, ಹಟ ಎಲ್ಲಿಗೆ ಹೋದೀತು? ಕಬ್ಬೂರಿಗೆ ಮರಳಿದ ಮರುದಿನವೇ ರೊಟ್ಟಿ ಗಂಟು ಕಟ್ಟಿ ಹೊರಟು ನಿಂತಳು.

"ಕೂಸು ಇರೂದು ಬೇಡಕಿಹಾಳದಾಗ. ನೀ ಕಾಗವಾಡಕ್ಕ ಯಾಕ ಹೊಂಟಿ?" ಎಂದ ಅಪ್ಪಾಸಾಬ.

"ಹೆಸರು ತರಾಕ."

"ಅಲ್ಲಿ ಸಂತ್ಯಾಗ ಹೆಸರು ಮಾರ್ತಾರೇನ?"

"ಮಾರಿದ್ರ ನಿಮಗೂ ಒಂದು ಛಲೋದು ತರ್ತೀನಿ" ಎಂದು ಅವಳು ರಾಯಬಾಗದ ಬಸ್ಸು ಹತ್ತಿದಳು. ಅಲ್ಲಿಂದ ರೈಲು. ಕುಡಚಿ ದಾಟಿ, ಹೊಳೆ ದಾಟಿ, ಶೇಡಬಾಳದಲ್ಲಿ ಇಳಿದು ಮತ್ತೆ ಬಸ್ಸು. ಕಾಗವಾಡದಿಂದ ಆಚೆಗೆ ನಡಿಗೆ. ಅವ್ವನ ತವರೂರು ಅಷ್ಟು ಸಣ್ಣದು, ಬಸ್ಸಿನವರಿಗೆ ಅದರ ಪರಿಚಯವಿರಲಿಲ್ಲ. ದೀಪಾವಳಿ ಮುಗಿದು ಜೋಳದ ಕೊಯ್ಲು ಆಗಿತ್ತು. ದಾರಿಯುದ್ದಕ್ಕೂ ಕಬ್ಬಿನ ಹಸಿರು ಒಂದು ಕಡೆ, ಖಾಲಿಯಾದ ಬೆದ್ದಲು ಹೊಲಗಳು ಇನ್ನೊಂದು ಕಡೆ. ಅವಳ ಮನಸ್ಸಿನಲ್ಲಿ ಒಂದೇ ಮಾತು. ಅವ್ವ ಹೋದ ಮೇಲೆ ಯಾರಿಗಾದರೂ ಅವಳ ಹೆಸರಿಡಬಹುದು, ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಆಗ ಅದನ್ನು ಕೇಳಲು ಅವ್ವ ಇರುವುದಿಲ್ಲ. ಅವ್ವನ ಜೀವ ಇರುವಾಗಲೇ, ಅವಳ ಗಂಡನ ಮನೆಯಲ್ಲೇ, ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕೂಗಬೇಕು. ಅಷ್ಟಾದರೆ ಸಾಕಿತ್ತು ಅವಳಿಗೆ.

ಅವ್ವನ ಐವರು ಅಣ್ಣಂದಿರಲ್ಲಿ ಈಗ ಉಳಿದವನು ಭೀಮಸಿ ಮಾಮಾ ಒಬ್ಬನೇ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಸೊಸೆ ಕೊಟ್ಟ ಚಹಾವನ್ನು ಬಸಿಗೆ ಸುರುವಿಕೊಂಡು ಸೊರ್ ಸೊರ್ ಎಂದು ಕುಡಿಯುತ್ತಿದ್ದವನು, ತಾರವ್ವನ ಪ್ರಶ್ನೆ ಕೇಳಿ ಬಸಿ ಕೆಳಗಿಟ್ಟ.

"ನಿಮ್ಮವ್ವನ ಹೆಸರಾ? ತಂಗಿ ಅಂತಿದ್ವಿ."

"ಅದು ಹೆಸರಲ್ಲ ಮಾಮಾ. ಐದೂ ಮಂದಿ ತಂಗಿ ಅಂತಿದ್ರೇನ?"

"ಐದೂ ಮಂದಿ. ದೊಡ್ಡಾವ ತಂಗಿ ಅಂದ, ನಾವೂ ಅಂದ್ವಿ. ಮನ್ಯಾಗ ಇದ್ದಾಕೀನ ಒಬ್ಬಾಕಿ. ತಂಗಿ ಅಂದ್ರ ಬ್ಯಾರೆ ಯಾರರ ಬರ್ತಾರೇನ?"

ತಾರವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತ ಅಜ್ಜ ಏನಂತಿದ್ದ?" ಎಂದು ಕೇಳಿದಳು.

ಭೀಮಸಿ ಮಾಮಾ ಕೋಲು ತಗೊಂಡು, "ಬಾ" ಎಂದು ಎದ್ದ. ಮನೆಯ ಬೆನ್ನಿಗೇ ಹೊಲ. ಮಕ್ಕಳು ಕೆಳಗಿನ ಹೊಲಕ್ಕೆ ನೀರು ತಂದು ಕಬ್ಬು ಹಾಕಿದ್ದರು. ಮೇಲಿನ ತುಂಡು ಬೆದ್ದಲನ್ನು ಮಾತ್ರ ಮುದುಕ ಯಾರ ಕೈಗೂ ಕೊಡದೆ ಹಳೆಯ ರೀತಿಯಲ್ಲೇ ಉಳಿಸಿಕೊಂಡಿದ್ದ. ಅಲ್ಲಿ ಜೋಳ ಕೊಯ್ದು ಕೂಳೆ ಮಾತ್ರ ಉಳಿದಿತ್ತು. ಆ ಬರಿದಾದ ಹೊಲದ ನಡುನಡುವೆ, ಅಷ್ಟಷ್ಟು ಅಂತರಕ್ಕೆ ಒಂದೊಂದು ಸಾಲು ತೊಗರಿ ಎದೆಯೆತ್ತರ ಹಸಿರಾಗಿ ನಿಂತಿತ್ತು. ತುಂಬ ಹಳದಿ ಹೂವು.

"ಇದಕ್ಕ ಏನಂತಾರ?" ಎಂದು ಮಾಮಾ ಕೋಲಿನಿಂದ ತೋರಿಸಿದ.

"ತೊಗರಿ."

"ತೊಗರಿ ಹೌದವ್ವ. ಸಾಲಿಗೆ ಏನಂತಾರ?"

"ಅಕ್ಕಡಿ."

"ಹಾಂ. ನಿನಗರ ಗೊತ್ತೈತಿ. ನನ್ನ ಮೊಮ್ಮಕ್ಕಳಿಗೆ ಕೇಳಿದ್ರ ಮಾರಿ ಮಾರಿ ನೋಡ್ತಾವ. ಕಬ್ಬಿನಾಗ ಎಲ್ಲೀ ಅಕ್ಕಡಿ?" ಅವನು ಬದುವಿನ ಮೇಲೆ ಕೂತ. "ಹತ್ತು ಸಾಲ ಜ್ವಾಳ ಬಿತ್ತಿದ್ರ ಒಂದು ಸಾಲ ಬ್ಯಾರೆ ಬಿತ್ತಾವ್ರು. ತೊಗರಿ, ಮಡಿಕಿ, ಅಲಸಂದಿ, ಒಂದೀಟು ಪುಂಡಿ. ಜ್ವಾಳ ಗಂಡಸರದು, ಚೀಲಾ ತುಂಬಿ ಅಥಣಿ ಪ್ಯಾಟಿಗೆ ಹೋಗೂದು. ಅಕ್ಕಡಿ ಮಾತ್ರ ಮನಿ ಹೆಣ್ಣಮಕ್ಕಳದು. ಆ ಕಾಳು ಯಾರಿಗಿ ಕೊಟ್ಟಿ, ಏನ ಮಾಡಿದಿ ಅಂತ ಗಂಡಸು ಕೇಳಂಗಿರ್ಲಿಲ್ಲ. ನಮ್ಮಪ್ಪಗ ಒಂದರ ಹಿಂದ ಒಂದು ಐದು ಗಂಡು ಹುಟ್ಟಿದ್ವು. ಆರನೇದ್ದು ಹೆಣ್ಣು ಅಂತ ಸೂಲಗಿತ್ತಿ ಹೊರಗ ಬಂದು ಹೇಳಿದ್ಲು. ಅಪ್ಪ ಕುಣಿದಾಡಿಬಿಟ್ಟ. 'ಬರೇ ಜ್ವಾಳ ಬಿತ್ತಿ ಬ್ಯಾಸರಾಗಿತ್ತು, ಈಗ ನನ್ನ ಹೊಲಕ್ಕ ಅಕ್ಕಡಿ ಬಂತು' ಅಂದ. ನಮ್ಮ ಸೋದರತ್ತಿ ಅದನ್ನ ಕಿವಿಯಾಗ ಊದಿದ್ಲು. ಅಕ್ಕಡೆವ್ವ."

ತಾರವ್ವ ಆ ಹೆಸರನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು. ಎಲ್ಲೂ ಕೇಳದ ಹೆಸರು. ನಿಂಗವ್ವ, ಗಂಗವ್ವ, ಹೊಳೆವ್ವ, ಸುಂದ್ರವ್ವ ಎಂದು ಊರೂರಿಗೆ ಹತ್ತು ಮಂದಿ ಸಿಗುತ್ತಾರೆ. ಅಕ್ಕಡೆವ್ವ ಎಂಬವಳು ಈ ಐದು ತಾಲೂಕಿನಲ್ಲಿ ಒಬ್ಬಳೇ ಇದ್ದಿರಬೇಕು. ಅವಳ ಕಣ್ಣು ತುಂಬಿತು.

"ಇಂಥಾ ಹೆಸರು ಯಾಕ ತಗದ್ರು ಮಾಮಾ?"

ಭೀಮಸಿ ಮಾಮಾ ಕೋಲಿನ ತುದಿಯಿಂದ ಮಣ್ಣು ಕೆದರುತ್ತ ಕೂತ. ಯಾರಿಗೋ ಲೆಕ್ಕ ಒಪ್ಪಿಸುವಂತೆ ಹೇಳಿದ. "ಲಗ್ನಾದ ಮೊದಲನೇ ವರ್ಷ ಅಕ್ಕಡಿ ಕಾಳು ಬಂದ್ವು. ಅಪ್ಪ ಅಷ್ಟೂ ಗಂಟ ಕಟ್ಟಿ, 'ಇದು ಆಕಿದು, ಕೊಟ್ಟ ಬಾ' ಅಂತ ನನ್ನ ಕಳಿಸಿದ. ನಡಕೋತ ಹೋದ್ನಿ ಬೇಡಕಿಹಾಳಕ್ಕ. ಬಾಗಲಾಗ ನಿಂತು ಅಪ್ಪ ಕರದಂಗ ಕರದೆ, 'ಅಕ್ಕಡೀ' ಅಂತ. ನಿಮ್ಮಜ್ಜಿ, ಆಕಿ ಅತ್ತಿ, ಹೊರಗ ಬಂದ್ಲು. 'ಅಂಥಾಕಿ ಯಾರೂ ಇಲ್ಲಿಲ್ಲ. ಇಲ್ಲಿರಾಕಿ ರುಕ್ಮಿಣಿ. ಜ್ವಾಳದಾಗ ಬ್ಯಾರೆ ಬೀಜ ನಿಮ್ಮ ಹೊಲದಾಗ ನಡೀತಿರಬೇಕು, ನನ್ನ ಮನ್ಯಾಗ ನಡ್ಯಾಂಗಿಲ್ಲ' ಅಂದ್ಲು."

"ಅವ್ವ?"

"ಒಳಗ ಬೀಸಾಕತ್ತಿದ್ಲು. ನಾ ಕರದ ಕೂಡಲೇ ಬೀಸೂಕಲ್ಲ ನಿಂತ್ತು. ಈಗ ಬರ್ತಾಳ, ಈಗ ಬರ್ತಾಳ ಅಂತ ನಿಂತ್ನಿ. ಮತ್ತ ಬೀಸೂ ಸಪ್ಪಳಾ ಬಂತು. ಗಂಟ ಕಟ್ಟಿಮ್ಯಾಲಿಟ್ಟು ತಿರುಗಿ ಬಂದ್ನಿ. ಆ ಹೆಸರು ಹಿಡದು ನಾ ಕರದಿದ್ದು ಅದೊಂದ ಸಲ. ಆಮ್ಯಾಲ ಮತ್ತ ತಂಗೀನ." ಅವನು ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. "ಕೂಸಿಗೆ ಇಡಾಕ ಕೇಳಾಕತ್ತೀಯೇನ? ಇದ್ದವರ ಹೆಸರು ಇಡಬಾರದವ್ವ. ಆಯುಷ್ಯಾ ಕಡಿಮಿ ಆಗತೈತಿ ಅಂತಾರ."

"ಅವ್ವ ಇದ್ದಾಳ ಮಾಮಾ. ಹೆಸರೆಲ್ಲೈತಿ? ಅದು ಸತ್ತೈತಿ ಅಂತ ಆಕೀನ ಹೇಳ್ಯಾಳ. ಸತ್ತವರ ಹೆಸರು ಇಡಾಕ ಅಡ್ಡಿ ಏನ?"

ಮಾಮಾ ಒಪ್ಪದವನಂತೆ ತಲೆ ಅಲ್ಲಾಡಿಸಿ, ಕೋಲೂರಿ ಎದ್ದ. ನಿಜ ಹೇಳಬೇಕೆಂದರೆ ತಾರವ್ವನಿಗೂ ತನ್ನ ವಾದದ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಹೋಗುವಾಗ ಹೆಸರು ಸಿಕ್ಕರೆ ಸಾಕೆಂದು ಹೋಗಿದ್ದಳು. ಬರುವಾಗ ಹೆಸರು ಸಿಕ್ಕಿತ್ತು, ಅದರ ಜೊತೆ ಭಯವೂ ಸಿಕ್ಕಿತ್ತು. ಅವ್ವನಿಗೆ ಏನಾದರೂ ಆದರೆ? ಅಥವಾ ಏನೂ ಆಗದೆ, ಓಣಿಯ ಹೆಂಗಸರೆಲ್ಲರ ಎದುರು ಆ ಹಳೆಯ ಅವಮಾನವೇ ಮತ್ತೆ ಅವ್ವನ ಮುಖಕ್ಕೆ ಬಂದು ಬಡಿದರೆ? ಹಿತ ಮಾಡಲು ಹೋಗಿ ಗಾಯ ಕೆದರಿದ ಮಗಳಾಗುತ್ತಾಳೆ ತಾನು. ಮನೆಗೆ ಬಂದ ಮೇಲೆ ಅಪ್ಪಾಸಾಬ, "ಹೆಸರು ಸಿಕ್ತೇನ?" ಎಂದು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ತೊಟ್ಟಿಲ ದಿನ ಬೇಡಕಿಹಾಳದ ಮನೆ ತುಂಬಿತ್ತು. ಸುರೇಖಾಳ ತವರಿನವರು ನಿಪ್ಪಾಣಿಯಿಂದ ಬಣ್ಣದ ತೊಟ್ಟಿಲು, ಕುಂಚಿಗೆ, ಬೆಳ್ಳಿ ಕಡಗ ತಂದಿದ್ದರು. ಹೆಂಗಸರು ಕನ್ನಡದಲ್ಲಿ ಒಂದು ಜೋಗುಳ ಹಾಡಿ, ಅದು ಮುಗಿಯುವಷ್ಟರಲ್ಲಿ ಮರಾಠಿಯಲ್ಲಿ ಇನ್ನೊಂದು ಎತ್ತಿಕೊಂಡರು. ಓಣಿಗೆಲ್ಲ ಹಿರಿಯಳಾದ ಸಾವಕ್ಕ ತೊಟ್ಟಿಲ ಪಕ್ಕ ಮಣೆ ಹಾಕಿಸಿಕೊಂಡು ಕೂತು, ಯಾರು ಎಲ್ಲಿ ನಿಲ್ಲಬೇಕು, ಯಾವ ಕೈಯಿಂದ ಕುಂಕುಮ ಹಚ್ಚಬೇಕು ಎಂದು ಹುಕುಂ ಕೊಡುತ್ತಿದ್ದಳು. ಸಾವಕ್ಕ ಹೇಳಿದ್ದಕ್ಕೆ ಮೇಲ್ಮನವಿ ಇಲ್ಲ. ಅವ್ವ ಮಾತ್ರ ಪಡಸಾಲೆಗೆ ಬಂದಿರಲಿಲ್ಲ. ಗಂಡ ತೀರಿದ ಮೇಲೆ ಇಂಥ ಕಾರ್ಯದಲ್ಲಿ ಎದುರಿಗೆ ನಿಲ್ಲಬಾರದೆಂದು ತನಗೆ ತಾನೇ ವಿಧಿಸಿಕೊಂಡು, ಅಡುಗೆಮನೆಯಲ್ಲಿ ಗುಗ್ಗರಿ ಬೇಯಿಸುತ್ತ ಕೂತಿದ್ದಳು.

"ಎಲ್ಲಿ ಸೋದರತ್ತಿ? ಬಾ, ಬೆನ್ನ ಗಟ್ಟಿ ಮಾಡ್ಕೊ" ಎಂದಳು ಸಾವಕ್ಕ. ನಗೆ ಎದ್ದಿತು. ಸುರೇಖಾ ನಾದಿನಿಯ ಮುಖವನ್ನೇ ನೋಡುತ್ತಿದ್ದಳು. "ಸೋನಾಲಿ ಅಲ್ರಿ ಅಕ್ಕಾ?" ಎಂದು ಪಿಸುಗುಟ್ಟಿದಳು. ತಾರವ್ವ ಅವಳ ಕಡೆ ನೋಡಲಾರದೆ ತೊಟ್ಟಿಲ ಮೇಲೆ ಬಾಗಿದಳು.

ಕೂಸು ಎಚ್ಚರವಾಗಿತ್ತು. ಎರಡು ಕಣ್ಣು ಬಿಟ್ಟು ಇವಳನ್ನು ನೋಡಿತು. ಬೇಡ, ಸೋನಾಲಿ ಅಂದುಬಿಡಲೇ ಎಂದು ತಾರವ್ವನಿಗೆ ಒಂದು ಗಳಿಗೆ ಅನಿಸಿತು. ಯಾರಿಗೂ ನೋವಿಲ್ಲ, ಯಾರ ಆಯುಷ್ಯಕ್ಕೂ ಧಕ್ಕೆ ಇಲ್ಲ. ಆದರೆ ಈಗ ಬಿಟ್ಟರೆ ಆ ಹೆಸರು ಭೀಮಸಿ ಮಾಮಾನ ಜೊತೆಗೇ ಮಣ್ಣಿಗೆ ಹೋಗುತ್ತದೆ. "ಕುರ್ರ್" ಎಂದು ಊದಿದಳು. ಬೆನ್ನ ಮೇಲೆ ಗುದ್ದುಗಳು ಬೀಳತೊಡಗಿದವು. ಸುರೇಖಾಳ ತವರಿನ ಒಬ್ಬಳಂತೂ ವರ್ಷದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವಂತೆ ಗುದ್ದಿದಳು. ತಾರವ್ವ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿ, ಮೇಲೆದ್ದು, ಎಲ್ಲರಿಗೂ ಕೇಳುವಂತೆ ಎದೆ ತುಂಬ ಉಸಿರು ತಗೊಂಡು ಕೂಗಿದಳು:

"ಅಕ್ಕಡೆವ್ವಾ!"

"ಓ! ಬಂದ್ನೆಪಾ!"

ದನಿ ಬಂದದ್ದು ಅಡುಗೆಮನೆಯಿಂದ. ಹುಡುಗಿಯ ದನಿಯಂತೆ ತೆಳ್ಳಗೆ, ದೂರದ ಹೊಲದಿಂದ ಅಪ್ಪನಿಗೆ ಓಗೊಟ್ಟು ಓಡಿ ಬರುವವಳಂತೆ. ಅದರ ಹಿಂದೆಯೇ ಸವಟು ಕೆಳಗೆ ಬಿದ್ದ ಸಪ್ಪಳ. ಗುದ್ದಲು ಎತ್ತಿದ ಕೈಗಳು ಅಲ್ಲೇ ನಿಂತವು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ತಾನೇ ಓಗೊಟ್ಟೆನೆಂದು ಅವಳಿಗೂ ಆಗಷ್ಟೇ ತಿಳಿದಂತಿತ್ತು. ಬಾಯಿಗೆ ಸೆರಗು ಹಿಡಿದಿದ್ದಳು.

"ಯಾರ ಹೆಸರದು?" ಎಂದಳು ಸ್ವಲ್ಪ ಕಿವಿ ಮಂದವಾದ ಸಾವಕ್ಕ.

"ಅವ್ವಂದು. ತವರಿಂದು" ಎಂದಳು ತಾರವ್ವ.

ಅಷ್ಟೇ ಸಾಕಾಯಿತು. ಒಬ್ಬಳು ಅಯ್ಯಯ್ಯ ಎಂದಳು. ಇನ್ನೊಬ್ಬಳು ಇದ್ದವರ ಹೆಸರು ಇಡುತ್ತಾರೇನೇ ಎಂದಳು. ನಿಪ್ಪಾಣಿಯವರು ಮರಾಠಿಯಲ್ಲಿ ತಮ್ಮತಮ್ಮಲ್ಲೇ ಗುಜುಗುಜು ಮಾಡಿದರು. ಸುರೇಖಾಳ ಕಣ್ಣಲ್ಲಿ ನೀರು ನಿಂತಿತು; ಅವಳ ಸೋನಾಲಿ ಹೋಗಿತ್ತು, ಅದರ ಜೊತೆಗೆ ಅತ್ತೆಯ ಆಯುಷ್ಯದ ಹೊರೆ ಬೇರೆ ಮೂರು ವಾರದ ಕೂಸಿನ ತಲೆಗೆ ಬಂದಿತ್ತು. "ಕಿವಿಯಾಗ ಬಿದ್ದ ಹೆಸರು ತಗಿಯಾಕ ಬರಂಗಿಲ್ಲಲ್ಲರಿ" ಎಂದಳು ಅಳುದನಿಯಲ್ಲಿ. ತಾರವ್ವನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಮಾಡಬಾರದ್ದನ್ನು ಮಾಡಿದೆ, ಅವ್ವನಿಗೂ ಕೂಸಿಗೂ ಒಟ್ಟಿಗೇ ಕೇಡು ತಂದೆ ಎಂದುಕೊಂಡಳು.

ಅವ್ವ ಬಾಗಿಲು ಬಿಟ್ಟು ಪಡಸಾಲೆಗೆ ಬಂದಳು. ಗಂಡ ಹೋದ ಮೇಲೆ ಇಂಥ ಕಾರ್ಯದ ನಡುವೆ ಅವಳು ಬಂದು ನಿಂತದ್ದು ಇದೇ ಮೊದಲು. ಯಾರೂ ಬೇಡ ಎನ್ನಲಿಲ್ಲ, ಸಾವಕ್ಕನೂ ಅನ್ನಲಿಲ್ಲ. ಅವ್ವ ತೊಟ್ಟಿಲೊಳಗೆ ಬಗ್ಗಿ ನೋಡಿದಳು.

"ಈ ಕೂಸು ಓ ಅಂತೇನ?" ಎಂದು ಕೇಳಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಹೇಳ್ರಿ. ತಾರಾ ಕರದ್ಲು. ಓ ಅಂದಾವ್ರು ಯಾರು? ಕೂಸೋ, ನಾನೋ?"

"ನೀನವ್ವ" ಎಂದಳು ಸಾವಕ್ಕ.

"ಹಂಗಾರ ಹೆಸರು ನಂದು. ಕೂಸಿಂದಲ್ಲ. ನಾ ಸತ್ತ ಮ್ಯಾಲೆ ಯಾರಿಗರ ಇಟ್ಕೊರಿ, ನಾ ಬ್ಯಾಡನ್ನಂಗಿಲ್ಲ. ಈಗ ಕೊಡಂಗಿಲ್ಲ." ಅವ್ವ ತೊಟ್ಟಿಲ ಅಂಚು ಹಿಡಿದುಕೊಂಡಳು. "ಈಗ ಅದು ನನಗ ಬೇಕು."

ಸಾವಕ್ಕ ಮಣೆಯ ಮೇಲೆ ಸರಿದು ಕೂತಳು. ಇಂಥ ತಕರಾರು ಅವಳ ಜನ್ಮದಲ್ಲಿ ಬಂದಿರಲಿಲ್ಲ, ಆದರೆ ತೀರ್ಪು ಕೊಡದೆ ಇರುವ ಜಾಯಮಾನವೂ ಅವಳದಲ್ಲ. "ಖರೆ ಐತಿ. ಓಗೊಟ್ಟವರದ ಹೆಸರು" ಎಂದು ಸಾರಿದಳು. "ಆ ಗುದ್ದಿನ ಸಪ್ಪಳದಾಗ ಕೂಸಿನ ಕಿವಿಗೆ ಏನೂ ಬಿದ್ದಿಲ್ಲ, ಬಿದ್ದಿದ್ರ ಅಳತಿತ್ತು. ಏ ತಾರಾ, ಮತ್ತೊಮ್ಮೆ ಬಗ್ಗು. ಈ ಸಲ ಆ ಹುಡುಗಿ ಹೇಳಿದ್ದ ಇಡು."

ತಾರವ್ವ ಬಗ್ಗಿದಳು. ಸೋನಾಲಿ ಎಂದಳು. ಒಂದೇ ಕೂಸಿಗೆ ಎರಡು ಸಲ ಗುದ್ದು ತಿಂದ ಸೋದರತ್ತೆ ಬೇಡಕಿಹಾಳದಲ್ಲಿ ಅವಳೊಬ್ಬಳೇ ಎಂದು ಓಣಿಯವರು ಇವತ್ತಿಗೂ ನಗುತ್ತಾರೆ. ಎರಡನೆಯ ಸಲ ಜೋರಾಗಿ ಗುದ್ದಿದವಳು ಸುರೇಖಾ, ಕಣ್ಣೊರೆಸಿಕೊಂಡು, ನಗುತ್ತ.

ಸಂಜೆ ಬೀಗರು ಹೊರಟು ಹೋದರು. ಗುಗ್ಗರಿಯ ಬೋಗುಣಿ ಬರಿದಾಗಿತ್ತು. ಅವ್ವ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ತಾರವ್ವ ಬಂದು ಪಕ್ಕದಲ್ಲಿ ಕೂತಳು. ಬೆನ್ನು ಒಂದೇ ಸಮ ನೋಯುತ್ತಿತ್ತು.

"ಭೀಮಸಿ ಅಣ್ಣ ಹೇಳಿದ್ನೇನ?" ಎಂದಳು ಅವ್ವ.

"ಹೂಂ. ಸಿಟ್ಟ ಬಂದೈತೇನ ಅವ್ವಾ?"

"ಸಿಟ್ಟ ಯಾಕ ಬೇ?" ಅವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ನೀವಿದಳು. "ನಿನಗ ಸುಳ್ಳ ಹೇಳಿದ್ನಿ. ಅದು ಸತ್ತಿರ್ಲಿಲ್ಲ. ಲಗ್ನಾದಾಗಿಂದ ದಿನಾ ಮಲಗೂ ಮುಂದ ನನ್ನ ನಾನ ಒಮ್ಮೆ ಕರಕೋತಿದ್ನಿ, ಬಾಯಾಗ. ಮರ್ತಬಿಟ್ಟೇನೇನೋ ಅಂತ ಅಂಜಿಕಿ. ನಿಮ್ಮಪ್ಪ ಬಾಜೂಕ ಮಲಗಿರ್ತಿದ್ದ, ಅವ್ನಿಗೂ ಗೊತ್ತಿರ್ಲಿಲ್ಲ."

ತಾರವ್ವ ಅವ್ವನ ಮುಖ ನೋಡಿದಳು.

"ಕರಕೋಬಹುದು ತಾರಾ. ಆದ್ರ ನಾನ ಕರದು ನಾನ ಓ ಅನ್ನಾಕ ಬರತೈತೇನ? ಅದಕ್ಕ ಇನ್ನೊಬ್ಬರು ಬೇಕು."

ಒಳಗೆ ಕೂಸು ಅತ್ತಿತು. ಸುರೇಖಾ ಸಮಾಧಾನ ಮಾಡುವುದು ಕೇಳಿಸಿತು. ಅವ್ವ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಹಿತ್ತಲಾಚೆಯ ಹೊಲದ ಕಡೆ ಮುಖ ತಿರುಗಿಸಿ ಕೂತಳು.

"ಮತ್ತೊಮ್ಮೆ ಕರಿ" ಎಂದಳು.

"ಹೆತ್ತಾಕಿನ ಹೆಸರು ಹಿಡದು ಹ್ಯಾಂಗ ಕರೀಲಿ ಅವ್ವಾ?"

"ಹಂಗ ಕರದಾವ್ರೆಲ್ಲಾ ಹೋದ್ರು. ನೀನ ಕರಿ. ಗಟ್ಟಿಯಾಗಿ ಕರಿ."

ತಾರವ್ವ ಕರೆದಳು.